ಕಂಪ್ಯೂಟರಿಗೆ ನೀರು ಬೇಕಾ?

ನಮ್ಮಣ್ಣ ಮದುವೆ ವಿಡಿಯೋ ಎಡಿಟ್ ಮಾಡುತ್ತಾನೆ. ಬೇಸಿಗೆಯಲ್ಲಿ ಅವನ ಕಂಪ್ಯೂಟರು ಕಾದು ಕಾದು ತಾನೇ ಆಫ್ ಆಗ್ತದೆ. ಅದಕ್ಕೆ ಬಿಡಿ ಪೈಪು, ಪಂಪು, ತೊಟ್ಟಿ ತಂದು ವಾಟರ್ ಕೂಲಿಂಗ್ ಜೋಡಿಸ್ತಾನಂತೆ. ದುಡ್ಡು ಅಮ್ಮ ಸಂಘದಲ್ಲಿ ಎತ್ತಿದ ಸಾಲದ್ದು. ನನಗೆ ಇದು ಸರಿ ಕಾಣುವುದಿಲ್ಲ.

ನೀರು ಶಾಖವನ್ನು ಚೆನ್ನಾಗಿ ಹೊರುತ್ತದೆ, ನಿಜ. ಆದರೆ ಆ ಶಾಖ ಕೊನೆಗೆ ಹೋಗುವುದೆಲ್ಲಿಗೆ? ರೇಡಿಯೇಟರಿನ ಫ್ಯಾನಿನಿಂದ ನಮ್ಮ ಕೋಣೆಯ ಗಾಳಿಗೇ! ಕೋಣೆ 38 ಡಿಗ್ರಿ ಇದ್ದರೆ ಪೈಪಿನ ನೀರು ಅದಕ್ಕಿಂತ ತಣ್ಣಗಾಗೋದಿಲ್ಲ. ಮಡಕೆ ಬೆವರುತ್ತದೆ, ಅದಕ್ಕೇ ಅದರ ನೀರು ತಂಪು. ಪೈಪು ಬೆವರುತ್ತದಾ?

ಬೋರಿನ ನೀರು ಹಾಕುವಂತಿಲ್ಲ, ಬಿಳಿ ಉಪ್ಪು ಕಟ್ಟುತ್ತದೆ (ನಮ್ಮ ಬಚ್ಚಲ ಹಂಡೆ ನೋಡಿ). ಡಿಸ್ಟಿಲ್ಡ್ ನೀರೇ ಬೇಕು. ತಾಮ್ರ, ಅಲ್ಯೂಮಿನಿಯಂ ಎರಡೂ ಒಂದೇ ನೀರಿಗೆ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಎಲ್ಲಾದರೂ ಸೋರಿದರೆ ಬೋರ್ಡೇ ಸುಡಬಹುದು. ಮೊದಲ ಸಲ ಹಾಕಲೇಬೇಕೆಂದರೆ ಕಾರ್ಖಾನೆಯಲ್ಲೇ ನೀರು ತುಂಬಿ ಮುಚ್ಚಿದ್ದನ್ನು ತರಲಿ. 240 ಮಿ.ಮೀ. ರೇಡಿಯೇಟರಿನದು ಸಾಕು. ಅದೂ ಪೆಟ್ಟಿಗೆಯಲ್ಲಿ ಹಿಡಿಯುತ್ತದೋ ಅಂತ ಅಳೆದು.

ಭಾನುವಾರ ಕರೆಂಟು ತೆಗೆದು ಪೆಟ್ಟಿಗೆ ಬಿಚ್ಚಿದೆವು. ಫ್ಯಾನಿನ ಕೆಳಗೆ ಧೂಳು ಹತ್ತಿಯ ಹಾಗೆ ಕೂತಿತ್ತು! ಬಣ್ಣದ ಬ್ರಷ್ಷಿನಿಂದ ನಾನೇ ತೆಗೆದೆ. ಅವತ್ತಿನಿಂದ ಒಂದು ಸಲವೂ ಆಫ್ ಆಗಿಲ್ಲ. ಆದರೂ ಅಣ್ಣ ನಿನ್ನೆ ಪೇಟೆಗೆ ಹೋಗಿ ಪೈಪಿನ ರೇಟು ಕೇಳಿ ಬಂದಿದ್ದಾನೆ.