ಯೋಧರ ವರ್ಗಾವಣೆ, ಗೃಹಿಣಿಯ ಹೊಣೆ

ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿಯವರ ಅಧ್ಯಕ್ಷತೆಯಲ್ಲಿ 2025ರ ನವೆಂಬರಿನಲ್ಲಿ ರಚಿತವಾದ ಎಂಟನೆಯ ವೇತನ ಆಯೋಗದ ವ್ಯಾಪ್ತಿಗೆ ರಕ್ಷಣಾ ಪಡೆಗಳೂ ಸೇರಿವೆ. ಸಂಬಳ ಎಷ್ಟು ಏರೀತೆಂಬುದೇ ಎಲ್ಲೆಲ್ಲಿಯೂ ಚರ್ಚೆ. ವರ್ಗಾವಣೆಯ ಕಾಲದಲ್ಲಿ ಸಂಸಾರವನ್ನು ಸಾಗಿಸುವ ವೆಚ್ಚದ ಮಾತನ್ನು ಆಡುವವರು ವಿರಳ. ನಾವು ಅದನ್ನೇ ಇಲ್ಲಿ ಎತ್ತಿಕೊಳ್ಳುತ್ತೇವೆ.

ದಿಲ್ಲಿ ಕಂಟೋನ್ಮೆಂಟಿನ ವಸತಿಗೃಹಗಳಲ್ಲಿ ಕೊಡಗು, ಧಾರವಾಡ, ಬೆಳಗಾವಿಗಳ ಕುಟುಂಬಗಳೂ ಇವೆ. ನಮ್ಮ ವಾಚಕರಲ್ಲಿ ಕೆಲವರ ಅಣ್ಣತಮ್ಮಂದಿರೂ ಅಲ್ಲಿದ್ದಾರು. ಆಜ್ಞೆ ಬಂದೊಡನೆ ಯೋಧನು ಹೊಸ ಠಾಣ್ಯಕ್ಕೆ ತೆರಳುತ್ತಾನೆ. ಪೆಟ್ಟಿಗೆ ಕಟ್ಟಿಸುವುದು, ಲಾರಿ ಗೊತ್ತುಮಾಡುವುದು, ಮಕ್ಕಳ ಶಾಲೆಯಿಂದ ವರ್ಗಾವಣೆಪತ್ರ ತರುವುದು, ಇವೆಲ್ಲ ಎಷ್ಟೋ ವೇಳೆ ಅವನ ಹೆಂಡತಿಯೊಬ್ಬಳ ಪಾಲಿಗೆ ಬೀಳುತ್ತವೆ.

ಅಮೆರಿಕದಲ್ಲಿ ಈ ಕೆಲಸವನ್ನೆಲ್ಲ ಒಂದೇ ಸಂಸ್ಥೆಯ ಕೈಗೆ ಒಪ್ಪಿಸುವ ಪ್ರಯತ್ನ ನಡೆದು, ಗುತ್ತಿಗೆ 2025ರ ಜೂನ್‌ನಲ್ಲಿ ರದ್ದಾಯಿತು. ಅದಕ್ಕೆ ಮುನ್ನ ಮೇ ತಿಂಗಳಲ್ಲಿಯೇ, ತಾವಾಗಿ ಸಾಗಿಸಿಕೊಳ್ಳುವ ಕುಟುಂಬಗಳಿಗೆ ಸರಕಾರಿ ಅಂದಾಜಿನ ಶೇ. 130ರಷ್ಟು ಹಣ ಕೊಡುವುದಾಗಿ ಅಲ್ಲಿನ ಸರಕಾರ ಸಾರಬೇಕಾಗಿ ಬಂತು. ನಮ್ಮಲ್ಲಿ ಮೊದಲಿನಿಂದಲೂ ಕುಟುಂಬವೇ ಗುತ್ತಿಗೆದಾರ.

2017ರ ನಿಯಮದಂತೆ ವರ್ಗಾವಣೆಯ ಅನುದಾನ ಮೂಲವೇತನದ ಶೇ. 80. ಸಾಮಾನಿನ ಸಾಗಾಟಕ್ಕೆ ಬೇರೆ ಮಿತಿಯುಂಟು: ನಾಲ್ಕನೆಯ ಹಂತದವರೆಗೆ 1,500 ಕಿಲೋ, ಕಿಲೋಮೀಟರಿಗೆ 15 ರೂ.; ಐದನೆಯದಕ್ಕೆ 3,000 ಕಿಲೋ, 25 ರೂ.; ಆರರಿಂದ ಮೇಲೆ 6,000 ಕಿಲೋ, 50 ರೂ. ತುಟ್ಟಿಭತ್ಯೆ ಶೇ. 50 ಏರಿದಾಗ ಈ ದರ ಶೇ. 25 ಹೆಚ್ಚತಕ್ಕದ್ದು, 2024ರ ಜನವರಿಯಲ್ಲಿ ಭತ್ಯೆ ಆ ಮಟ್ಟ ಮುಟ್ಟಿತು. ಅಂದರೆ 2,000 ಕಿಲೋಮೀಟರಿಗೆ ನಾಯಕನೊಬ್ಬನಿಗೆ ಹೆಚ್ಚೆಂದರೆ 37,500 ರೂ., ನಾಯಬ್ ಸುಬೇದಾರನಿಗೆ 1,25,000 ರೂ. ಪದವಿಗೆ ತಕ್ಕ ಸಂಬಳ ನ್ಯಾಯವೇ. ಆದರೆ ಮಂಚ, ಬೀರು, ಶೀತಕಪೆಟ್ಟಿಗೆ, ಒಲೆಗಳು ಪದವಿಯನ್ನು ನೋಡಿ ಹಗುರವಾಗುವುದಿಲ್ಲ. ನಾಯಕನ ಸಂಸಾರ ಸುಬೇದಾರನದರ ನಾಲ್ಕರಲ್ಲೊಂದು ಪಾಲೆಂಬ ಈ ಲೆಕ್ಕವನ್ನು ಆಯೋಗ ತಿದ್ದಲೇಬೇಕೆಂಬುದು ನಮ್ಮ ನಿಶ್ಚಿತಾಭಿಪ್ರಾಯ.

ಅಲ್ಲಿಯವರೆಗೆ ಇರುವ ದಾರಿಗಳಾವುವು? ರೈಲಿನ ಪಾರ್ಸೆಲು ಸಣ್ಣ ಸಂಸಾರಕ್ಕೆ ಮಿತವ್ಯಯದ್ದು. ಆದರೆ ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಮನೆಗೆ ಮತ್ತೆ ಮತ್ತೆ ಏರಿಸಿ ಇಳಿಸುವುದರಲ್ಲಿ ಗಾಜುಪಿಂಗಾಣಿಯ ಆಸೆ ಬಿಡಬೇಕು. ಇಡೀ ಲಾರಿ ಮನೆಬಾಗಿಲಿಗೆ ಬರುತ್ತದೆ, ಆದರೆ 1,500 ಕಿಲೋ ಸಾಮಾನಿಗೆ ಅರ್ಧ ಖಾಲಿಯಾಗಿಯೇ ಓಡುತ್ತದೆ. ಆದುದರಿಂದ ಒಂದೇ ದಿಕ್ಕಿಗೆ ಹೊರಟ ಎರಡು ಕುಟುಂಬಗಳು ಕೂಡಿ ಲಾರಿ ಹಿಡಿಯುವುದು ಎಲ್ಲಕ್ಕಿಂತ ಉತ್ತಮವೆಂದು ನಮಗೆ ತೋರುತ್ತದೆ. ದಲ್ಲಾಳಿಯೇ ಕೂಡಿಸುವ ಪಾಲುಲಾರಿಯ ಮಾತು ಬೇರೆ. ಸಾಮಾನು ನಡುದಾರಿಯಲ್ಲಿ ಲಾರಿ ಬದಲಿಸುವುದೂ, ಇಳಿಸುವ ಮುನ್ನ ಹೆಚ್ಚಿನ ಹಣ ಕೇಳುವುದೂ ಅಲ್ಲಿಯೇ. ವಸ್ತುಗಳ ಪಟ್ಟಿ, ಒಪ್ಪಿದ ಮೊತ್ತ, ವಿಮೆ, ಬಿಲ್ಟಿ ಇವು ಕೈಸೇರದೆ ಲಾರಿಯನ್ನು ಬಿಡಬಾರದು. ಹಿಗ್ಗಿಸಿದ ಬಿಲ್ಲನ್ನು ತಾವೇ ಮಾಡಿಕೊಡುವುದಾಗಿ ಹೇಳುವ ದಲ್ಲಾಳಿಗಳೂ ಉಂಟು. ಅಂಥ ಬಿಲ್ಲು ಸುಳ್ಳೆಂದು ತೇಲಿದ ದಿನ ದಲ್ಲಾಳಿ ಎಲ್ಲಿಯೂ ಕಾಣಸಿಗುವುದಿಲ್ಲ. ವಿಚಾರಣೆಗೆ ನಿಲ್ಲುವವನು ಸಿಪಾಯಿ.

ದಿಲ್ಲಿಯ ಚಳಿಗಾಲಕ್ಕೆ ಇನ್ನೊಂದು ತೊಡಕುಂಟು. ವಾಯುಮಾಲಿನ್ಯ ವಿಪರೀತಕ್ಕೇರಿ ‘ಗ್ರಾಪ್’ ನಿಯಮಗಳ ನಾಲ್ಕನೆಯ ಹಂತ ಜಾರಿಯಾದಾಗ, ಅವಶ್ಯ ವಸ್ತುಗಳ ಲಾರಿಗಳಿಗೂ ಅನಿಲ, ವಿದ್ಯುತ್ ಅಥವಾ ಬಿ.ಎಸ್.-6 ಲಾರಿಗಳಿಗೂ ಹೊರತು ಉಳಿದವಕ್ಕೆ ನಗರಪ್ರವೇಶವಿಲ್ಲ. ಡಿಸೆಂಬರಿನಲ್ಲಿ ಹೊರಡುವವರು ಬಾಡಿಗೆಗಿಂತ ಮೊದಲು ಲಾರಿಯ ಜಾತಿಯನ್ನು ವಿಚಾರಿಸಲಿ. ಸ್ಕೂಟರು ಹೊರರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿದರೆ ಮರುನೋಂದಣಿ ಆಗಬೇಕು. 2021ರಲ್ಲಿ ಬಂದ ‘ಬಿ.ಎಚ್.’ ಸರಣಿಯ ಸಂಖ್ಯೆ ಪಡೆದವರಿಗೆ ಆ ತಾಪತ್ರಯವಿಲ್ಲ.

ನಮ್ಮ ಹೊಟೇಲು ಬಂಧುಗಳಿಗೆ ಊರು ಬದಲಿಸುವಾಗ ಯಾವ ಅನುದಾನವೂ ಇಲ್ಲ. ಅವರ ಸಂಸಾರ ಟ್ರಂಕೊಂದರಲ್ಲಿ ಅಡಗಬೇಕು. ಆದರೆ ಕೇಂದ್ರ ಕಛೇರಿಗಳ ಗುಮಾಸ್ತರಿಗೆ ಮೇಲಿನ ಅನುದಾನವೂ ತೂಕದ ಮಿತಿಯೂ ಅನ್ವಯಿಸುತ್ತವೆ. ಅವರ ಕುಟುಂಬವು ಆರು ತಿಂಗಳೊಳಗೆ ಹಿಂದಿನಿಂದ ಬಂದರೂ ಪ್ರಯಾಣವೆಚ್ಚ ಸಲ್ಲುತ್ತದೆ. ನವೆಂಬರಿನಲ್ಲಿ ವರ್ಗವಾದವರು ಮಕ್ಕಳ ಮಾರ್ಚ್ ಪರೀಕ್ಷೆ ಮುಗಿಸಿಯೇ ಲಾರಿ ಕರೆಯಬಹುದು.