ಲಡಿಗೆ ಲೆಕ್ಕವಿದೆ, ಹೆಸರಿಲ್ಲ

ಖಾದಿ ಅಂಗಡಿಯಿಂದ ತಂದ ಟವೆಲನ್ನು ಬಿಸಿಲಿಗೆ ಹಿಡಿದು ನೋಡಿದರೆ ನೂತ ಕೈಯ ಗುರುತು ಕಾಣುತ್ತದೆ. ಎಳೆ ಒಂದು ಕಡೆ ಉಬ್ಬಿರುತ್ತದೆ, ಅಂಗುಲ ಮುಂದೆ ಹೋದರೆ ಸಣ್ಣಗಾಗಿರುತ್ತದೆ. ಕಡಿದು ಹೋದಲ್ಲಿ ಬೆರಳಿನಿಂದ ಹೊಸೆದು ಕೂಡಿಸಿದ ಜಾಗ ಒರಟಾಗಿ ತಾಕುತ್ತದೆ. ಒಬ್ಬರ ಅಕ್ಷರ ಇನ್ನೊಬ್ಬರಂತೆ ಇರುವುದಿಲ್ಲವಲ್ಲ, ನೂಲೂ ಹಾಗೆಯೇ. ಆದರೆ ಬಟ್ಟೆಗೆ ಅಂಟಿಸಿದ ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು ಬೆಲೆ, ಅಳತೆ, ಸಂಸ್ಥೆಯ ಹೆಸರು. 2013ರ ನಿಯಮ ಬಂದ ಮೇಲೆ ಖಾದಿ ಮಾರ್ಕ್. ನೂತವರು ಯಾರು, ನೇಯ್ದವರು ಯಾರು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಸ್ಥಳೀಯ ಕಲಾವಿದರಿಗೆ ಒಂದು ಗ್ಯಾಲರಿ ಬೇಕು ಎಂಬ ಮಾತನ್ನು ಬದನವಾಳಿನ ಮಟ್ಟಿಗೆ ಆಡುವುದಾದರೆ ಈ ಚೀಟಿಯಿಂದಲೇ ಶುರು ಮಾಡಬೇಕು.

ನಂಜನಗೂಡಿನಿಂದ ಚಾಮರಾಜನಗರದ ಕಡೆ ಹೋಗುವ ದಾರಿಯಲ್ಲಿರುವ ಈ ಊರಿನ ಖಾದಿ ಗ್ರಾಮೋದ್ಯೋಗ ಕೇಂದ್ರ ಶುರುವಾದದ್ದು 1927ರಲ್ಲಿ, ಗಾಂಧೀಜಿ ಆರೋಗ್ಯ ಸುಧಾರಣೆಗೆಂದು ನಂದಿಬೆಟ್ಟದಲ್ಲಿ ತಂಗಿದ್ದ ವರ್ಷ. ಅದರ ಹಿಂದೆ ಇದೇ ತಾಲ್ಲೂಕಿನ ತಗಡೂರು ರಾಮಚಂದ್ರರಾಯರಂಥವರ ದುಡಿಮೆಯಿದೆ. 2027ಕ್ಕೆ ಕೇಂದ್ರಕ್ಕೆ ನೂರು ತುಂಬುತ್ತದೆ. ಶತಮಾನೋತ್ಸವ ಎಂದರೆ ನಮ್ಮಲ್ಲಿ ಒಂದು ರೂಢಿಯಿದೆ: ಪ್ರತಿಮೆ, ಶಿಲಾಫಲಕ, ಗಾಂಧಿ ಈ ಊರಿಗೆ ಬಂದಾಗ ಕುಳಿತ ಜಾಗಕ್ಕೆ ಗ್ರಾನೈಟ್ ಕಟ್ಟೆ, ಗಾಜಿನ ಪೆಟ್ಟಿಗೆಯೊಳಗೆ ಒಂದು ಚರಕ. ಇದ್ಯಾವುದೂ ಬೇಡವೆಂದಲ್ಲ. ಆದರೆ ಅಲ್ಲಿ ಒಂದು ದಿನ ಇದ್ದು ಹೋದವರ ಹೆಸರು ಕಲ್ಲಿನ ಮೇಲೆ ಏರಿ, ನೂರು ವರ್ಷ ಚರಕ ತಿರುಗಿಸಿದ ಹೆಂಗಸರ ಹೆಸರು ಕೂಲಿ ರಿಜಿಸ್ಟರಿನಲ್ಲೇ ಉಳಿದುಬಿಟ್ಟರೆ ಅದು ಯಾರ ಉತ್ಸವ? ಕೇಂದ್ರದ ಹಳೆಯ ಹೆಂಚಿನ ಸೂರಿನಡಿಯ ಒಂದು ಕೊಠಡಿಯನ್ನು ಸುತ್ತಲಿನ ಊರುಗಳ ನೂಲುಗಾರರು, ನೇಕಾರರು, ಚಿತ್ರ ಬರೆಯುವವರು, ತಂಬೂರಿ ಪದದವರು ಎಲ್ಲರ ಪ್ರದರ್ಶನಕ್ಕೆ ಬಿಡಬೇಕು, ಪ್ರತಿ ವಸ್ತುವಿನ ಪಕ್ಕ ಮಾಡಿದವರ ಹೆಸರಿರಬೇಕು ಎಂಬುದು ನನ್ನ ವಾದ.

ಹೆಸರು ಹಾಕಿಕೊಳ್ಳುವುದು ನಮ್ಮ ಪದ್ಧತಿಯಲ್ಲ, ಕುಶಲಕರ್ಮಿ ಅನಾಮಿಕನಾಗಿಯೇ ಇರುತ್ತಾನೆ, ಅದೇ ಅವನ ವಿನಯ ಎಂದು ಹೇಳುವವರಿದ್ದಾರೆ. ಇದು ಕೇಳಲು ಚೆಂದ. ಆದರೆ ಪಕ್ಕದ ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋದರೆ ಈ ಮಾತು ನಿಲ್ಲುವುದಿಲ್ಲ. 1268ರಲ್ಲಿ ಪೂರ್ಣಗೊಂಡ ಕೇಶವ ದೇವಾಲಯದ ಹೊರಗೋಡೆಯ ಮೂರ್ತಿಗಳ ಕೆಳಗೆ ಕೆತ್ತಿದವರ ಹೆಸರುಗಳು ಕನ್ನಡ ಅಕ್ಷರದಲ್ಲಿವೆ. ಮಲ್ಲಿತಮ್ಮ ಎಂಬ ಒಬ್ಬನ ಹೆಸರೇ ಸುಮಾರು 40 ಮೂರ್ತಿಗಳ ಕೆಳಗೆ ಸಿಗುತ್ತದೆ. ಗುಡಿ ಕಟ್ಟಿಸಿದವನು ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ. ಊರಿಗೆ ತನ್ನ ಹೆಸರನ್ನೇ ಇಟ್ಟ ಆ ದೊಡ್ಡ ಮನುಷ್ಯ, ಉಳಿ ಹಿಡಿದವನು ಪೀಠದ ಮೇಲೆ ತನ್ನ ಹೆಸರು ಕೊರೆದುಕೊಂಡರೆ ತನಗೆ ಕುಂದೆಂದು ಭಾವಿಸಲಿಲ್ಲ. ಹೆಸರಿದ್ದುದರಿಂದಲೇ ಇವತ್ತು ವಿದ್ವಾಂಸರು ಮಲ್ಲಿತಮ್ಮನ ಕೈಚಳಕ ಇಂಥದ್ದು, ಅವನ ಜೊತೆಯವರದು ಇಂಥದ್ದು ಎಂದು ಬಿಡಿಸಿ ಹೇಳಬಲ್ಲರು. 2023ರಲ್ಲಿ ಯುನೆಸ್ಕೊ ಈ ಗುಡಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಏಳೂವರೆ ಶತಮಾನದ ಹಿಂದೆ ಈ ಸೀಮೆಯ ಕಲ್ಲುಕುಟಿಗನಿಗೆ ಸಿಕ್ಕಿದ್ದ ಮರ್ಯಾದೆ ಇಂದಿನ ನೂಲುಗಾರ್ತಿಗೆ ಏಕಿಲ್ಲ?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹೊಟ್ಟೆಪಾಡಿನದು. ಗೋಡೆಯ ಮೇಲಿನ ಹೆಸರಿನಿಂದ ಒಲೆ ಉರಿಯುತ್ತದೆಯೇ? ಒಂದು ಲಡಿ ಎಂದರೆ 1,000 ಮೀಟರ್ ನೂಲು. ಖಾದಿ ಆಯೋಗ 2025ರ ಏಪ್ರಿಲ್‌ನಿಂದ ನಿಗದಿ ಮಾಡಿರುವ ಕೂಲಿ ಲಡಿಗೆ 15 ರೂಪಾಯಿ. ಅದಕ್ಕೂ ಮುಂಚೆ ಹನ್ನೆರಡೂವರೆ ಇತ್ತು. ಒಂದು ಕಿಲೋಮೀಟರ್ ಉದ್ದದ ನೂಲಿಗೆ ಒಂದು ಲೋಟ ಕಾಫಿಯ ದುಡ್ಡು! ಇಂಥಲ್ಲಿ ಗ್ಯಾಲರಿಯ ಮಾತಾಡುವುದು ಸಂಕೋಚದ ಸಂಗತಿಯೇ, ಒಪ್ಪುತ್ತೇನೆ. ಆದರೆ ಕೂಲಿ ಇಷ್ಟು ಕಡಿಮೆ ಇರುವುದಕ್ಕೆ ಒಂದು ಕಾರಣ, ಈ ಕೆಲಸವನ್ನು ಯಾರು ಬೇಕಾದರೂ ಮಾಡಬಹುದಾದ ದುಡಿಮೆ ಎಂದು ಎಣಿಸಿರುವುದು. ಯಾರು ಬೇಕಾದರೂ ಮಾಡಬಹುದು ಎಂದಾದರೆ ಯಂತ್ರವೂ ಮಾಡಬಹುದು. 2021ರ ಡಿಸೆಂಬರ್‌ನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಕೊಟ್ಟಾಗ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಧ್ವಜದವರು ಬೀದಿಗಿಳಿದು ಕೂಗಬೇಕಾಯಿತು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಬದನವಾಳಿನಲ್ಲೇ ಕೂತು ಸತ್ಯಾಗ್ರಹ ನಡೆಸಿ ಕೈ ಉತ್ಪನ್ನಗಳ ಪರ ದೇಶದ ಗಮನ ಸೆಳೆದರು. ಆಗ ಊರಿನ ಹೆಸರು ಎಲ್ಲ ಪತ್ರಿಕೆಗಳಲ್ಲೂ ಬಂತು. ಆದರೂ ಚರ್ಚೆಯಾದದ್ದು ಸುಸ್ಥಿರ ಬದುಕು ಎಂಬ ತತ್ತ್ವ. ಅಲ್ಲಿ ಮಗ್ಗದ ಮುಂದೆ ಕೂತಿದ್ದ ಒಬ್ಬೊಬ್ಬರ ಕಸುಬಲ್ಲ. ಹೆಸರು ಕೂಲಿಗೆ ಬದಲಿಯಲ್ಲ, ಕೂಲಿ ಕೇಳುವುದಕ್ಕೆ ಸಿಗುವ ಒಂದು ಆಧಾರ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಆಕ್ಷೇಪ ಬೇರೆ. ನಮ್ಮ ಹಳ್ಳಿಗಳಲ್ಲಿ ಹೆಸರು ಕೇಳಿದ ಕೂಡಲೇ ಬೀದಿ ಗೊತ್ತಾಗುತ್ತದೆ, ಬೀದಿ ಗೊತ್ತಾದರೆ ಜಾತಿ. ಅದರಲ್ಲೂ ಇದು ಬದನವಾಳು. 1993ರಲ್ಲಿ ಸಿದ್ಧೇಶ್ವರ ದೇವಾಲಯ ಪ್ರವೇಶದ ವಿವಾದದ ಬೆನ್ನಿಗೇ ಮೂವರು ದಲಿತರ ಕೊಲೆಯಾಯಿತು. ದಲಿತರ ಕಾಲೊನಿಗೂ ಲಿಂಗಾಯತರ ಬೀದಿಗೂ ನಡುವಿನ ಹಾದಿ ಬಳಕೆ ತಪ್ಪಿ, ಅದು ಮತ್ತೆ ತೆರೆದದ್ದು 2022ರ ಅಕ್ಟೋಬರ್ 2ರಂದು, ಭಾರತ್ ಜೋಡೋ ಯಾತ್ರೆ ಬಂದಾಗ. ಇಂಥ ಊರಿನಲ್ಲಿ ಹೆಸರು ಬರೆದು ನೇತುಹಾಕಿದರೆ ಯಾರದು ಮೇಲಿನ ಸಾಲಿನಲ್ಲಿ, ಯಾರದು ಬಾಗಿಲ ಬಳಿ ಎಂದು ಜಗಳವಾಗದೆ? ಆಗಬಹುದು. ಆದರೆ ಅನಾಮಿಕತೆ ಇಷ್ಟು ವರ್ಷ ಯಾರನ್ನು ಒಂದು ಮಾಡಿದೆ? ನಮ್ಮ ಊರೂರಿನ ಭವನಗಳನ್ನೇ ನೋಡಿ: ಅಂಬೇಡ್ಕರ್ ಭವನ, ಬಸವ ಭವನ, ವಾಲ್ಮೀಕಿ ಭವನ, ಕನಕ ಭವನ. ಇವನ್ನು ಹಳಿಯುವುದು ಸುಲಭ. ಮದುವೆ ಮಾಡಲು ಬೇರೆ ಬಾಗಿಲು ತೆರೆಯದಿದ್ದ ಜನಕ್ಕೆ ತಮ್ಮದೇ ಭವನ ಎಷ್ಟು ದೊಡ್ಡ ಸಂಗತಿ ಎಂಬುದನ್ನು ಮರೆತವರು ಮಾತ್ರ ಹಳಿಯುತ್ತಾರೆ. ಆದರೂ ಒಬ್ಬರ ಭವನದ ಗೋಡೆಗೆ ಇನ್ನೊಬ್ಬರು ಚಿತ್ರ ತಂದು ತೂಗುಹಾಕುವುದಿಲ್ಲ ಎಂಬುದೂ ನಿಜ. ಯಾವ ಬೀದಿಗೂ ಸೇರದ, ಕೆಲಸದ ನೆಪದಲ್ಲಿ ಎಲ್ಲರೂ ಕಾಲಿಡಬಹುದಾದ ಜಾಗ ಈ ಊರಿಗಿದ್ದರೆ ಅದು ಖಾದಿ ಕೇಂದ್ರ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದರೆ ಸಾಲಿನ ಜಗಳವೂ ಅರ್ಧ ಮುಗಿಯುತ್ತದೆ.

ಇನ್ನು, ಗ್ಯಾಲರಿ ಮಾಡಿದರೆ ಅದು ವಸ್ತು ಸಂಗ್ರಹಾಲಯವಾಗಿ ದೂಳು ತಿನ್ನುತ್ತದೆ ಎಂಬ ಭಯ. ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಹಳ್ಳಿ ಹಳ್ಳಿ ತಿರುಗಿ ಕೂಡಿಹಾಕಿದ ಜಾನಪದ ಸಂಗ್ರಹ ಅಪರೂಪದ್ದು, ಅದಿಲ್ಲದಿದ್ದರೆ ಎಷ್ಟೋ ವಸ್ತುಗಳು ಒಲೆಗೆ ಹೋಗುತ್ತಿದ್ದವು. ಆದರೆ ಅಲ್ಲಿರುವುದು ಬಳಕೆ ಮುಗಿಸಿ ಪೇಟೆ ಸೇರಿದ ವಸ್ತುಗಳು. ಬದನವಾಳಿನಲ್ಲಿ ಬೇಕಾದದ್ದು ತಿಂಗಳಿಗೊಮ್ಮೆ ಬದಲಾಗುವ ಗೋಡೆ. ಫ್ಲೆಕ್ಸ್ ಬಂದ ಮೇಲೆ ಬ್ರಷ್ ಕೆಳಗಿಟ್ಟ ಬೋರ್ಡ್ ಬರೆಯುವವರಿಗೆ ಒಂದು ತಿಂಗಳು, ಶಾಲೆಯ ಡ್ರಾಯಿಂಗ್ ಮೇಷ್ಟ್ರಿಗೂ ಮಕ್ಕಳಿಗೂ ಒಂದು ತಿಂಗಳು. ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆ ಹಾಡುವ ನೀಲಗಾರರ ತಂಬೂರಿ, ಗಗ್ಗರಗಳನ್ನು ಗೋಡೆಗೆ ತೂಗುಹಾಕಿದರೆ ಸಾಲದು, ಒಂದು ರಾತ್ರಿ ಅವರನ್ನೇ ಕೂರಿಸಬೇಕು. ಇದಕ್ಕೆ ಕೋಟಿ ಬೇಡ. ಸುಣ್ಣ ಬಳಿದ ಗೋಡೆ, ಸೋರದ ಹೆಂಚು, ಸಂಜೆ ಬಾಗಿಲು ತೆಗೆಯುವ ಒಬ್ಬರು. ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆ ವಹಿಸಿಕೊಂಡು ಅರಿವು ಕೇಂದ್ರಗಳಾಗಿ ಬೆಳೆಸಿದ್ದು ನಮ್ಮ ಕಣ್ಣ ಮುಂದಿದೆ. ಅಲ್ಲಿ ಬದಲಾವಣೆ ತಂದದ್ದು ಕಟ್ಟಡಕ್ಕಿಂತ ಹೆಚ್ಚಾಗಿ ದಿನಾ ಬಂದು ಬೀಗ ತೆಗೆಯುವ ಮೇಲ್ವಿಚಾರಕರು.

ಮೊದಲ ತಿಂಗಳು ಗೋಡೆಗೆ ಎರಡೇ ವಸ್ತು ಸಾಕು: ಒಂದು ಲಡಿ ನೂಲು, ಅಂಥದೇ ನೂಲಿನಿಂದ ನೇಯ್ದ ಒಂದು ಟವೆಲ್. ಪಕ್ಕದ ಚೀಟಿಯಲ್ಲಿ ನೂತವರ ಹೆಸರು, ನೇಯ್ದವರ ಹೆಸರು, ಅದರ ಕೆಳಗೆ ಲಡಿಗೆ ಸಿಕ್ಕ ಕೂಲಿ. ಉದ್ಘಾಟನೆಗೆ ಬಂದ ಅತಿಥಿಗಳಿಗೆ ಆ ಕೊನೆಯ ಸಾಲು ಓದಿ ಇರಿಸುಮುರಿಸಾದರೆ ಆಗಲಿ.