ಫಾರ್ವರ್ಡ್ ಒತ್ತುವ ಮುನ್ನ
2020ರ ಮೇ ತಿಂಗಳು, ಲಾಕ್‌ಡೌನ್ ಕಾಲ. ದೆಹಲಿಯ ಹುಡುಗರ ಇನ್‌ಸ್ಟಾಗ್ರಾಂ ಗುಂಪೊಂದರಲ್ಲಿ ಓರಗೆಯ ಹುಡುಗಿಯರ ಫೋಟೊ ಹಾಕಿ ಹೊಲಸು ಮಾತಾಡಿದ ಸ್ಕ್ರೀನ್‌ಶಾಟ್‌ಗಳು ಹೊರಬಿದ್ದವು. ‘ಬಾಯ್ಸ್ ಲಾಕರ್ ರೂಮ್’ ಎಂಬ ಆ ಗುಂಪಿನ ಬೆನ್ನುಹತ್ತಿದ ಪೊಲೀಸರು ಶಾಲಾ ಬಾಲಕನೊಬ್ಬನನ್ನು ವಶಕ್ಕೆ ಪಡೆದು, ಮೊಬೈಲನ್ನೂ ಜಪ್ತಿ ಮಾಡಿದರು. ‘ತಮಾಷೆಗೆ ಮಾಡಿದೆ’ ಎಂದರೆ ಕಾನೂನು ಬಿಡುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ ಬೇರೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ 3 ವರ್ಷದವರೆಗೆ ಸಜೆ. 67ಬಿ ಪ್ರಕಾರ ಮಕ್ಕಳ ಅಶ್ಲೀಲ ದೃಶ್ಯ ಹಂಚುವುದಿರಲಿ, ಡೌನ್‌ಲೋಡ್ ಮಾಡಿಕೊಂಡರೂ ಮೊದಲ ಸಲವೇ 5 ವರ್ಷದವರೆಗೆ. 18 ತುಂಬದವರ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ, ನಿಜ. ಆದರೆ ಅಪ್ಪ-ಅಮ್ಮನ ನಡುವೆ ತಲೆತಗ್ಗಿಸಿ ಅಲ್ಲಿ ಕೂರುವ ಹುಡುಗನಿಗೆ ಇದನ್ನೆಲ್ಲ ಮೊದಲೇ ಯಾರಾದರೂ ಹೇಳಬೇಕಿತ್ತು. ಬೀಜಗಣಿತ ಕಲಿಸುವ ಒಂಬತ್ತನೇ ತರಗತಿಯಲ್ಲೇ ಈ ಕಲಮುಗಳನ್ನೂ ಓದಿಸಬೇಕು. ತೊಂದರೆಗೆ ಸಿಕ್ಕ ಮಗು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದೆಂಬುದನ್ನೂ ಅಲ್ಲೇ ತಿಳಿಸಬೇಕು.